ಚಂದ್ರನ ಅಗಲಕ್ಕಿಂತ ಸ್ವಲ್ಪ ಆಚೆ

ಕಂಟ್ರೋಲ್ ರೂಮು, ದೊಡ್ಡ ರೇಡಿಯೊ ಡಿಶ್‌ನ ಬುಡ
ಹದಿನಾಲ್ಕನೇ ತಾರೀಖು, ಮಂಗಳವಾರ, ಬೆಳಿಗ್ಗೆ ಒಂಬತ್ತು

ಪ್ರೀತಿಯ ಅಣ್ಣಾ,

ನಾನು ಕ್ಷೇಮ. ನಿನ್ನ ಬೆನ್ನುನೋವು ಹೇಗಿದೆ? ವೇದಿಕೆ ಮೇಲೆ ತಾಸುಗಟ್ಟಲೆ ಎದೆಯುಬ್ಬಿಸಿ ನಿಲ್ಲಬೇಡಿ ಎಂದು ಡಾಕ್ಟರು ಗದರಿಸಿದರಂತೆ, ಅತ್ತಿಗೆ ಫೋನಿನಲ್ಲಿ ಹೇಳಿದರು. ಇನ್ನು ಮುಂದೆ ಅಷ್ಟೇನೂ ನಿಲ್ಲಬೇಕಾಗಲಾರದು, ಚಿಂತೆ ಬಿಡು. ಮಗಳ ಹಲ್ಲಿನ ತಂತಿ ಬಿಚ್ಚಿದರಾ? ಅತ್ತೆ ಕೇಳಿದಳು ಅಂತ ಹೇಳು.

ಇಲ್ಲಿ ಎಲ್ಲ ಹಾಗೇ ಇದೆ. ಗೇರುಗಳಿಗೆ ಗ್ರೀಸ್ ಹಾಕಿಸಿದೆ. ಅಪ್ಪ ಕೂರುತ್ತಿದ್ದ ಕುರ್ಚಿಯ ಎಡಗೈ ಕೊನೆಗೂ ಕಳಚಿ ಬಿತ್ತು, ಆದರೂ ಅದರಲ್ಲೇ ಕೂರುತ್ತೇನೆ. ನಿನ್ನ ವೀಕ್ಷಣೆಯ ಫಾರಂ ಮುಂದಿದೆ. ಹನ್ನೊಂದಕ್ಕೆ ಶುರು, ಎರಡು ತಾಸು. ಒಂದೇ ಗ್ಯಾಲಕ್ಸಿಯನ್ನು ಒಂದೇ ಹೊತ್ತಿಗೆ ಮೂವರು ನೋಡಬೇಕು: ಮೇಲಿನ ಉಪಗ್ರಹ ಎಕ್ಸ್-ಕಿರಣದಲ್ಲಿ, ಇನ್ನೂ ಬೆಳಗಾಗದ ದೂರದೇಶದ ಬೆಟ್ಟದ ದೂರದರ್ಶಕದವರು ಕಣ್ಣಿಗೆ ಕಾಣುವ ಬೆಳಕಿನಲ್ಲಿ, ನಾವು ರೇಡಿಯೊ ಅಲೆಯಲ್ಲಿ. ಅಪ್ಪ ಹೇಳುತ್ತಿದ್ದುದು ನೆನಪಿದೆಯಾ? ಪಕ್ಕದ ಮನೆಯಲ್ಲಿ ಏನು ನಡೀತಿದೆ ಅಂತ ತಿಳಿಯಬೇಕಾದರೆ ಕಿಟಕಿಯಲ್ಲಿ ಇಣುಕಿದರೆ ಸಾಲದು, ಗೋಡೆಗೆ ಕಿವಿ ಕೊಡಬೇಕು, ಬಾಗಿಲು ಮುಟ್ಟಿ ಬಿಸಿಯಿದೆಯಾ ನೋಡಬೇಕು. ‘ಕಣ್ಣಿಗೆ ಕಂಡದ್ದು ಕಾಲು, ಕಾಣದೆ ಉಳಿದದ್ದು ಮುಕ್ಕಾಲು.’ ನನ್ನ ಪ್ರಾಸದ ಚಟಕ್ಕೆ ಅವರೇ ಹೊಣೆ. ನಿನಗೆ ಆ ಚಟ ಹತ್ತಲಿಲ್ಲ. ನಿನಗೆ ಹತ್ತಿದ್ದು ಅವರ ನೋಟ್‌ಬುಕ್ಕು.

ಅದನ್ನೇ ಬರೆಯಲು ಕೂತದ್ದು. ಹತ್ತೊಂಬತ್ತು ವರ್ಷ ಅಪ್ಪ ತಮ್ಮ ಪಾಳಿ ಮುಗಿದ ಮೇಲೆ ಅರ್ಧ ಗಂಟೆ ಇಲ್ಲೇ ಉಳಿದು ಒಂದೇ ಒಂದು ಗ್ಯಾಲಕ್ಸಿಯ ಕಡೆ ಡಿಶ್ ತಿರುಗಿಸಿ ಅಳೆದರು. ಅದರ ಒಡಲಲ್ಲಿರುವ ಕಪ್ಪುಕುಳಿ ನಾಲ್ಕು ವರ್ಷಕ್ಕೊಮ್ಮೆ ಉರಿದೇಳುತ್ತದೆ ಎಂದು ಮೊದಲು ಕಂಡವರು ಅವರು, ಗುಂಡಿ ಒತ್ತುವ ಆಪರೇಟರ್. ಅವರು ತೀರಿಕೊಂಡ ವಾರ ನೀನು ಅವರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆ. ದುಃಖ ಅಂದುಕೊಂಡು ನಾನು ಎರಡು ಸಲ ಕಾಫಿ ಬೇರೆ ಕೊಟ್ಟೆ. ವರ್ಷ ತಿರುಗುವುದರೊಳಗೆ ‘ನನ್ನ ಶೋಧ’ ಎಂದು ನಿನ್ನ ಪ್ರಬಂಧ ಬಂತು, ಈ ತಿಂಗಳು ಮತ್ತೆ ಉರಿಯುತ್ತದೆ ಎಂಬ ಭವಿಷ್ಯವಾಣಿಯ ಸಮೇತ. ಕೊನೆಯ ಪುಟದ ವಂದನೆಗಳಲ್ಲಿ ಪ್ರಿಂಟರ್ ರಿಪೇರಿಯವನಿಗೂ ಜಾಗ ಸಿಕ್ಕಿತ್ತು, ಅಪ್ಪನಿಗಿಲ್ಲ. ಕೇಳಿದ್ದಕ್ಕೆ ನೀನಂದದ್ದು: ‘ಆಪರೇಟರ್ ಹೆಸರು ಹಾಕಿದ್ರೆ ಜನ ನಗ್ತಾರೆ ಕಣೇ.’ ಅಪ್ಪ ಕಂಡ, ಅಣ್ಣ ಉಂಡ. ಇದಕ್ಕಿಂತ ಚಿಕ್ಕ ಪದ್ಯ ನಾನು ಬರೆದಿಲ್ಲ.

ಅಪ್ಪನ ಕೋಣೆಯ ಕಸದ ಬುಟ್ಟಿ ಖಾಲಿ ಮಾಡಿದವಳು ನಾನು. ಅದರಲ್ಲಿ ನೋಟ್‌ಬುಕ್ಕಿನ ಮೊದಲ ಹಾಳೆ ನಾಲ್ಕು ತುಂಡಾಗಿ ಬಿದ್ದಿತ್ತು. ಅಂಟಿಸಿಟ್ಟಿದ್ದೇನೆ. ಮೇಲೆ ಅಪ್ಪನ ಹೆಸರು. ನಿನಗೆ ಬೇಡವಾದದ್ದು ಅದು. ಕೆಳಗೆ ಅವರ ಗುಂಡಗಿನ ಅಕ್ಷರದಲ್ಲಿ ಒಂದು ಸಾಲು: ‘ಇದರಲ್ಲಿರುವ ಸ್ಥಾನಗಳೆಲ್ಲ 1950ರ ಲೆಕ್ಕ. ಬಳಸುವವರು ಈಗಿನ ಲೆಕ್ಕಕ್ಕೆ ತಿದ್ದಿಕೊಳ್ಳಿ.’ ಭೂಮಿಯ ಅಚ್ಚು ಬುಗುರಿಯ ಹಾಗೆ ಮೆಲ್ಲಗೆ ವಾಲುತ್ತದೆ, ಹಾಗಾಗಿ ಆಕಾಶದ ಅಂಕಿಗಳು ವರ್ಷ ಕಳೆದಂತೆ ಸರಿಯುತ್ತವೆ. ಇದನ್ನು ನಿನಗೆ ಹೇಳಿಕೊಡಬೇಕಾಗಿಲ್ಲ. ಈಗ ಎಲ್ಲರ ಲೆಕ್ಕ 2000ದ್ದು. ನಡುವಿನ ಐವತ್ತು ವರ್ಷಕ್ಕೆ ಅಪ್ಪನ ಗ್ಯಾಲಕ್ಸಿಯ ಅಂಕಿ ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಸ್ವಲ್ಪ ಹೆಚ್ಚೇ ಸರಿದಿದೆ. ನಿನ್ನ ಫಾರಂನಲ್ಲಿರುವುದು ಅಪ್ಪನ ಹಳೇ ಅಂಕಿ, ಒಂದು ಸೊನ್ನೆಯೂ ಬದಲಾಗಿಲ್ಲ. ಆ ಜಾಗದ ಹಳೇ ಫೋಟೊ ಹುಡುಕಿಸಿ, ಇದೇ ಆ ಗ್ಯಾಲಕ್ಸಿ ಎಂದು ಒಂದು ಮಸುಕು ಚುಕ್ಕೆ ತೋರಿಸಿದ್ದೀಯ. ಆಕಾಶದಲ್ಲಿ ಎಲ್ಲಿ ಬೆರಳಿಟ್ಟರೂ ಒಂದು ಮಸುಕು ಗ್ಯಾಲಕ್ಸಿ ಸಿಗುತ್ತದೆ, ಅಣ್ಣಾ. ಅವು ಯಾರಿಗೂ ಇಲ್ಲ ಅನ್ನುವುದಿಲ್ಲ.

ಹೇಳಲಿಲ್ಲ ಅನ್ನಬೇಡ. ಹೋದ ತಿಂಗಳು ಫೋನ್ ಮಾಡಿ ‘ಸ್ಥಾನ ಇನ್ನೊಂದ್ಸಲ ನೋಡ್ಕೋ’ ಅಂದೆ. ನೀನು ನಕ್ಕು, ‘ನೀನು ಗುಂಡಿ ಒತ್ತು ತಾಯಿ, ಅಂಕಿ ನಾನು ನೋಡ್ಕೋತೀನಿ’ ಅಂದೆ. ಅದಕ್ಕೂ ಮುಂಚೆ, ಬೇರೊಬ್ಬರ ಫಾರಂನ ತಪ್ಪನ್ನು ನಾನು ತಿದ್ದಿದಾಗ, ಇಲ್ಲಿನ ವೀಕ್ಷಣಾ ಸಮಿತಿಯ ಅಧ್ಯಕ್ಷನಾಗಿ ಮೆಮೊ ಹೊರಡಿಸಿದವನೂ ನೀನೇ: ಆಪರೇಟರುಗಳು ಬರೆದಲ್ಲಿಗೆ ತಿರುಗಿಸತಕ್ಕದ್ದು, ತಿದ್ದತಕ್ಕದ್ದಲ್ಲ. ಅದನ್ನು ಕಟ್ಟು ಹಾಕಿಸಿ ಗಡಿಯಾರದ ಕೆಳಗೆ ತೂಗುಹಾಕಿದ್ದೇನೆ. ತಿರುಗಿಸು ಅಂದಲ್ಲಿಗೆ ತಿರುಗಿಸು, ತಿಳಿದದ್ದನ್ನೆಲ್ಲ ಒಳಗೇ ಇರಿಸು. ಇವತ್ತು ನಿನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತೇನೆ. ಹನ್ನೊಂದಾಗುತ್ತಾ ಬಂತು, ಮೋಟಾರು ಚಾಲೂ ಮಾಡಬೇಕು.

ಅತ್ತಿಗೆಗೆ ನಮಸ್ಕಾರ, ಮಗಳಿಗೆ ಆಶೀರ್ವಾದ, ನಿನಗೆ ಮೆಮೊದ ಒಂದು ನಕಲು.

ಇತಿ,
ಗುಂಡಿ ಒತ್ತುವ ನಿನ್ನ ತಂಗಿ

ತಾ.ಕ.: ಮಧ್ಯಾಹ್ನ ಮೂರು. ಅಂಚೆಯವನು ಗೇಟಿನಲ್ಲಿ ಕಾಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ಬರೆದಲ್ಲಿಗೇ ಎರಡು ತಾಸು ತಿರುಗಿಸಿಟ್ಟೆ. ಉಪಗ್ರಹದವರಿಗೆ ಏನೂ ಇಲ್ಲ, ಬೆಟ್ಟದವರಿಗೆ ಅದೇ ಮಸುಕು ಚುಕ್ಕೆ, ನನಗೆ ಬರೀ ಗೊರಗೊರ. ನಿನ್ನ ಸಮಯ ಮುಗಿದ ಮೇಲೆ, ಅಪ್ಪನ ಹಾಗೆ ಅರ್ಧ ಗಂಟೆ ಉಳಿದು, ಚಂದ್ರನ ಅಗಲಕ್ಕಿಂತ ಸ್ವಲ್ಪ ಆಚೆ ತಿರುಗಿಸಿದೆ. ಉರಿಯುತ್ತಿದೆ ಅಣ್ಣಾ, ಮಾಪಕದ ಮುಳ್ಳು ಹಲಗೆಯ ಅಂಚಿಗೆ ಬಡಿಯಿತು. ಉಪಗ್ರಹದವರಿಗೆ ಹೇಳಿದೆ, ಅವರೂ ಇದೀಗ ಎಕ್ಸ್-ಕಿರಣದಲ್ಲಿ ಕಂಡರು. ಬೆಟ್ಟದಲ್ಲಿ ಬೆಳಗಾಗಿಬಿಟ್ಟಿತ್ತು, ನಾಳೆ ನೋಡುತ್ತಾರೆ. ಎಲ್ಲ ವೀಕ್ಷಣಾಲಯಗಳಿಗೂ ತುರ್ತು ಸೂಚನೆ ಹೋಗಿದೆ, ಅಂಟಿಸಿದ ಹಾಳೆಯ ಫೋಟೊ ಜೊತೆಗೆ. ಮೊದಲ ಹೆಸರು ಅಪ್ಪನದು, ಎರಡನೆಯದು ನನ್ನದು. ಯಾರೂ ನಗಲಿಲ್ಲ. ನಿನ್ನ ಹೆಸರಿಗೂ ಜಾಗ ಹುಡುಕಿದೆ. ಸೂಚನೆಯ ವಂದನೆಗಳಲ್ಲಿ, ನಾನೂ ನೆನೆದ ಪ್ರಿಂಟರ್ ರಿಪೇರಿಯವನ ಕೆಳಗೆ ಒಂದು ಸಾಲು ಖಾಲಿಯಿತ್ತು, ಅದನ್ನು ಖಾಲಿಯೇ ಬಿಟ್ಟೆ.