ಬೀರುವಿನಲ್ಲಿ ತೂಗಿದ ಬ್ಯಾಡ್ಜ್

ನನಗೆ ಕೆಲಸ ಕಲಿಸಿದ ದಸ್ತಗೀರ್ ಕಾಕಾ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ನೀವು ಹೋಗಿ ಮೂರು ತಿಂಗಳಾಯಿತು. ಎರಡು ತಿಂಗಳು ಅತ್ತೆ. ಈ ತಿಂಗಳು ಬರೀ ಸಿಟ್ಟು. ಓದಿ ಮುಗಿಸುವವರೆಗೆ ಮೀಸೆಯೊಳಗೆ ನಗಬೇಡಿ, ಆ ನಗುವಿಗೆ ಸೋತು ಸೋತೇ ನಾನು ಇಷ್ಟು ವರ್ಷ ಮೋಸಹೋದೆ.

ಹಲಗೇರಿಯಿಂದ ಬಸ್ಸು ಹಿಡಿದು ರಾಣೆಬೆನ್ನೂರಿನ ಎಕ್ಸರೇ ಕೋಣೆಗೆ ನಾನು ಮೊದಲ ಸಲ ಬಂದ ದಿನ ನೆನಪಿದೆಯೇ? ಯಂತ್ರ ತೋರಿಸುವ ಮೊದಲೇ ನನ್ನ ಕೋಟಿಗೆ ಬ್ಯಾಡ್ಜ್ ಸಿಕ್ಕಿಸಿದಿರಿ. "ಶೈಲಾ, ಇದ ನಿನ್ನ ಸಾಕ್ಷಿ. ಮೈಮ್ಯಾಲೆ ಎಷ್ಟ ಕಿರಣ ಬಿತ್ತು ಅಂತ ಇದ ಹೇಳತೈತಿ. ಮೂರ ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗತೈತಿ." ಆಮೇಲೆ ಗೋಡೆಯ ಚಾರ್ಟಿನ ಮುಂದೆ ನಿಲ್ಲಿಸಿ ಪಾಠ. ಹಲವು ದೇಶಗಳ ವಿಜ್ಞಾನಿಗಳ ಆಯೋಗವೊಂದು ವರ್ಷಕ್ಕೆ ಇಷ್ಟೇ ಎಂದು ಮಿತಿ ಹೇಳುತ್ತದೆ, ಜಗತ್ತಿನಲ್ಲಿ ಕಿರಣದ ಜೊತೆ ಕೆಲಸ ಮಾಡುವವರೆಲ್ಲರ ವರದಿಗಳನ್ನು ಇನ್ನೊಂದು ಅಂತರರಾಷ್ಟ್ರೀಯ ಸಮಿತಿ ಒಟ್ಟುಮಾಡಿ ನೋಡುತ್ತದೆ... "ಜಪಾನದಾಂವಂದೂ ಅದರಾಗ ಕೂಡತೈತಿ, ಈ ದಸ್ತಗೀರಂದೂ ಕೂಡತೈತಿ. ನಾವು ಖರೇ ಹೇಳಿದ್ರ ಅವರ ಮಿತಿ ಖರೇ." ಆ ಸಮಿತಿಯ ದೊಡ್ಡವರೆಲ್ಲ ವಿಯೆನ್ನಾದಲ್ಲಿ ಸಭೆ ಸೇರುತ್ತಾರೆ ಎಂದಿರಿ. ನಾನು ಮನೆಗೆ ಹೋಗಿ ಹಳೆಯ ಭೂಪಟದಲ್ಲಿ ವಿಯೆನ್ನಾ ಹುಡುಕಿದೆ.

ಮೇಡ್ಲೇರಿಯಿಂದ ಕೈ ಮುರಿದುಕೊಂಡು ಬಂದ ನಾಲ್ಕು ವರ್ಷದ ಹುಡುಗಿಯನ್ನು ನೀವು ಮರೆತಿರಲಾರಿರಿ. ಚಿತ್ರ ತೆಗೆಯುವಾಗ ಅವಳನ್ನು ಯಾರಾದರೂ ಅಲುಗಾಡದಂತೆ ಹಿಡಿಯಬೇಕಿತ್ತು, ತಾಯಿ ನೋಡಿದರೆ ಏಳು ತಿಂಗಳ ಬಸುರಿ. "ತಂಗೀ, ನೀ ಹೊರಗ ನಿಂದ್ರು. ಕೂಸಿನ್ನ ನಾ ಹಿಡೀತೇನಿ," ಎಂದಿರಿ. ಅವಳೊಬ್ಬಳೇ ಅಲ್ಲ, ಅತ್ತ ಮಕ್ಕಳನ್ನೆಲ್ಲ ನೀವೇ ಹಿಡಿಯುತ್ತಿದ್ದಿರಿ. ಮನೆಯವರು ಹಿಡಿಯಬೇಕು, ಕೆಲಸದವರು ದಿನಾ ಹಿಡಿಯಕೂಡದು ಎಂದು ನನಗೆ ಬಾಯಿಪಾಠ ಮಾಡಿಸಿದವರು ಯಾರು? ಕಿರಣ ತಡೆಯಲು ಇದ್ದ ಎರಡು ಸೀಸದ ಏಪ್ರನ್‌ಗಳಲ್ಲಿ ಗಟ್ಟಿ ಇದ್ದದ್ದು ನನಗೆ, ಸೀಳುಬಿಟ್ಟದ್ದು ನಿಮಗೆ. "ಬ್ಯಾಡ್ಜ್ ಏನ್ ಹೇಳೀತು ಕಾಕಾ?" ಎಂದರೆ, "ನಂದು ಯಾವಾಗ್ಲೂ ಸೊನ್ನಿ, ನೋಡಿಯಲ್ಲ?" ಎನ್ನುತ್ತಿದ್ದಿರಿ. ನೋಡಿದ್ದೆ. ನೋಡಿ, ನಮ್ಮ ಕೋಣೆಯಲ್ಲಿ ಏನೂ ಭಯವಿಲ್ಲ ಎಂದು ಕಂಡಕಂಡವರಿಗೆ ಹೇಳಿದ್ದೆ.

ಬ್ಯಾಡ್ಜುಗಳ ಪಾರ್ಸಲ್ ಕಟ್ಟುವುದನ್ನು ನೀವು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಈ ಸಲ ಮೊದಲ ಬಾರಿಗೆ ಅದು ನನ್ನ ಪಾಲಿಗೆ ಬಂತು. ನಿಮ್ಮದನ್ನು ತರಲು ಬ್ಯಾಡಗಿಯ ನಿಮ್ಮ ಮನೆಗೆ ಹೋದೆ. ನಿಮ್ಮ ಹೆಂಡತಿ ರಮೀಜಾ ಕಾಕು ಕೋಟನ್ನು ಇಸ್ತ್ರಿ ಮಾಡಿ ಇಟ್ಟಿದ್ದರು, ಬ್ಯಾಡ್ಜಿನ ಡಬ್ಬಿಯೂ ಅದರ ಜೇಬಿನಲ್ಲೇ ಇತ್ತು. ತೆರೆದರೆ ಒಳಗೆ ಕಿರಣ ಅಳೆಯುವ ಕಾರ್ಡೇ ಇಲ್ಲ. ಅದು ಸಿಕ್ಕಿದ್ದು ನಮ್ಮ ಆಫೀಸಿನ ಬೀರುವಿನಲ್ಲಿ. ಕಿರಣ ತಾಗದ ಜಾಗದಲ್ಲಿ, ಹೋಲಿಸಿ ನೋಡಲೆಂದು ಒಂದು ಬ್ಯಾಡ್ಜ್ ಇಡುತ್ತೇವಲ್ಲ, ಅದರ ಹಿಂದೆ ಇನ್ನೊಂದು ಮೊಳೆ, ಮೊಳೆಗೆ ನಿಮ್ಮ ಕಾರ್ಡು, ಮೇಲೆ ನಿಮ್ಮದೇ ಅಕ್ಷರದ ಹಳದಿಯಾದ ಹೆಸರಿನ ಚೀಟಿ. ಒಂದು ದಿನದ ಮರೆವಾಗಿದ್ದರೆ ಮೊಳೆಗೆ ಹೆಸರು ಯಾಕೆ ಬೇಕಿತ್ತು ಕಾಕಾ?

ಅಂಕಿ ಹೆಚ್ಚು ಬಂದರೆ ನಿಮ್ಮನ್ನು ಯಂತ್ರದಿಂದ ದೂರ ಇಡುತ್ತಿದ್ದರು, ಅದಕ್ಕೇ ಹೀಗೆ ಮಾಡಿದಿರಿ ಅಲ್ಲವೇ? ಮಕ್ಕಳ ಮೇಲಿನ ಮಾಯೆ, ಯಂತ್ರದ ಹುಚ್ಚು, ಎಲ್ಲ ಅರ್ಥವಾಗುತ್ತದೆ. ಆದರೆ ನಿಮ್ಮ ಕಾರ್ಡು ಖರೇ ಹೇಳಿದ್ದರೆ ಯಾರಾದರೂ ಬಂದು ಕೇಳುತ್ತಿದ್ದರು. ಹೊಸ ಏಪ್ರನ್ ಬರುತ್ತಿತ್ತು. ನೀವು ಉಳಿಯುತ್ತಿದ್ದಿರೋ ಏನೋ... ನಿಮ್ಮನ್ನು ಕರೆದೊಯ್ದ ಕಾಯಿಲೆ ಕಿರಣದಿಂದಲೇ ಬಂತು ಎಂದು ನಾನು ಹೇಳಲಾರೆ. ಹೇಳಬಹುದಾಗಿದ್ದ ಸಾಕ್ಷಿಯ ಬಾಯನ್ನು ನೀವೇ ಮುಚ್ಚಿದಿರಿ, ನನಗೆ ಸುಡುವುದು ಅದು.

ಹುಬ್ಬಳ್ಳಿಯಲ್ಲಿ ರಕ್ತದ ಕ್ಯಾನ್ಸರ್ ಎಂದಾಗ ಡಾಕ್ಟರು ನಿಮ್ಮ ಬ್ಯಾಡ್ಜ್ ವರದಿಗಳನ್ನು ತಿರುವಿಹಾಕಿದ್ದು ನಿಮಗೂ ಗೊತ್ತು. "ಕೆಲಸದಿಂದ ಬಂದಿದ್ದಲ್ಲ ಬಿಡ್ರಿ, ಎಲ್ಲಾ ಸೊನ್ನಿ ಐತಿ," ಎಂದರು. ಕಾಕು ಪಕ್ಕದಲ್ಲೇ ಇದ್ದರು. ಇಪ್ಪತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದ ಆ ಹೆಂಗಸು ಏನು ತಿಳಿದರು ಗೊತ್ತೇ? ತನ್ನ ಸೀರೆಗೆ ಅಂಟಿ ಮನೆಗೆ ಬಂದ ಘಾಟೇ ಗಂಡನನ್ನು ತಿಂದಿತು ಎಂದು. ಅಂದಿನಿಂದ ಕೆಲಸಕ್ಕೆ ಹೋಗಿಲ್ಲ. ಜೊತೆಗಾತಿಯರು ಬಾಗಿಲಿಗೆ ಬಂದು ಕರೆದರೂ ಏಳುವುದಿಲ್ಲ.

ಲ್ಯಾಬಿಗೆ ಕಾಗದ ಬರೆದು ಮೊನ್ನೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ದಸ್ತಗೀರ್ ಅವರ ಸೊನ್ನೆಗಳನ್ನು ಸೊನ್ನೆ ಎಂದು ತಿಳಿಯಬೇಡಿ, ಅವು ಬೀರುವಿನ ಅಂಕಿಗಳು, ಮನುಷ್ಯನವಲ್ಲ ಎಂದು. ನಿಮ್ಮ ಹೆಸರು ಕೆಡುತ್ತದೆ. ಕೆಡಲಿ. ಕೋಣೆಯನ್ನೂ ಏಪ್ರನ್ನುಗಳನ್ನೂ ಯಾರಾದರೂ ಬಂದು ನೋಡುವವರೆಗೆ ನಾನು ಬೆನ್ನು ಬಿಡುವುದಿಲ್ಲ, ಇದು ನಿಮಗೆ ಕೊಡುವ ಮಾತು.

ನಿನ್ನೆ ಮಧ್ಯಾಹ್ನ ಬ್ಯಾಡಗಿಗೆ ಹೋಗಿ ಕಾಕುವಿಗೂ ಎಲ್ಲ ಹೇಳಿದೆ. ಬೈಯುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡಿದ್ದೆ. ಎರಡೂ ಇಲ್ಲ.

"ಹಂಗಾರ ನನ್ನ ಘಾಟ ಅಲ್ಲ?"

"ಅಲ್ಲ ಕಾಕು. ಹಂಗ ಯಾರೂ ಹೇಳಿಲ್ಲ. ನೀವ ಅನ್ಕೊಂಡ್ರಿ."

"ದವಾಖಾನ್ಯಾಗ ಅವರ ಕಾಲ ಹಿಡದಿದ್ದೆ, ಶೈಲಾ. ನನ್ನಿಂದ ನಿಮಗ ಹಿಂಗಾತು, ಮಾಫ್ ಮಾಡ್ರಿ ಅಂದೆ."

"ಕಾಕಾ ಏನಂದ್ರು?"

"ಮಾಫ್ ಮಾಡೇನಿ ಅಂದ್ರು."

ಸೋಮವಾರದಿಂದ ಕಾಕು ಮತ್ತೆ ತೊಟ್ಟು ಬಿಡಿಸಲು ಹೋಗುತ್ತಾರೆ. ನಿಮ್ಮನ್ನು ಮಾಫ್ ಮಾಡಿದ್ದಾರೋ ಇಲ್ಲವೋ, ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಶೈಲಾ