ನಳಿಗೆಗೂ ಮರಕ್ಕೂ ನಡುವೆ

ರೆಂದಾಲೆನ್
ಜೂನ್ 9

ಮುದ್ದಿನ ರಾಗ್ನಾ,

ನಿನ್ನ ಪತ್ರ ಈಸ್ಟರ್‌ಗೆ ಮೊದಲೇ ಬಂತು. ಉತ್ತರಿಸಲು ಇಷ್ಟು ತಡವಾಯಿತೆಂದು ಬೇಸರಿಸಬೇಡ. ಬರೆಯಲು ಕೂತಾಗಲೆಲ್ಲ ಅಡುಗೆಮನೆಯ ಮೇಜಿನ ತುಂಬ ನಿನ್ನ ಕೋವಿಯ ಭಾಗಗಳೇ ಹರಡಿರುತ್ತಿದ್ದವು. ನಾವಿಬ್ಬರೂ ಚೆನ್ನಾಗಿದ್ದೇವೆ. ಬರ್ಗೆನ್‌ನಲ್ಲಿ ನಿನ್ನ ಹೊಸ ಮನೆ ಒಗ್ಗಿತೇ?

ಹೌದು, ನಿನ್ನ ಕೋವಿಯೇ. ನಿನ್ನ ಗುಂಡು ತಾಗಿದ ಆ ದೊಡ್ಡ ಕಡವೆ, ಮೂಸ್, ಕಾಡು ಸೇರಿ, ನಾಯಿ ಬಿಟ್ಟು ಹುಡುಕಿದರೂ ಸಿಗದೆ ಹೋದ ಆ ಸಂಜೆ, ಬೇಟೆ ತಂಡದ ಎಲ್ಲರ ಮುಂದೆ ಅಪ್ಪ, "ನಿನ್ನ ಕೈ ಕೋವಿ ಹಿಡಿಯೋ ಕೈ ಅಲ್ಲ" ಅಂದರು. ನೀನು ಕೋವಿಯನ್ನು ಅಲ್ಲೇ ಒರಗಿಸಿ ಹೊರಟುಹೋದೆ. ಅಂದಿನಿಂದ ಅವರಿಗೆ ನೆಮ್ಮದಿಯಿಲ್ಲ. ಏನು ಹುಡುಕುತ್ತಿದ್ದಾರೆಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ತಪ್ಪು ಕೋವಿಯದಾಗಿರಲಿ, ತಾವೇ ಮನೆಯಲ್ಲಿ ತುಂಬಿಸಿದ ತೋಟಾಗಳದಾಗಿರಲಿ, ನಿನ್ನದಾಗದಿದ್ದರೆ ಸಾಕು ಎಂಬ ಹಟ ನನಗೆ ಕಾಣುತ್ತಿತ್ತು.

ಮೊದಲು ತೋಟಾಗಳ ಮದ್ದನ್ನೆಲ್ಲ ಮತ್ತೆ ತೂಗಿದರು. ತೋಟಾಗಳ ಹಿತ್ತಾಳೆ ಕೊಳವೆಗಳನ್ನು ಅಳೆದು, ಉದ್ದವಾದವನ್ನು ಉಜ್ಜಿ ಸಮ ಮಾಡಿದರು. ಗುಂಡು ಎಷ್ಟು ಒಳಗೆ ಕೂರಬೇಕೆಂದು ಕೂದಲೆಳೆಯಷ್ಟು ಬದಲಿಸಿ ನೋಡಿದರು. ಕೋವಿಯ ಮೇಲಿನ ದುರ್ಬೀನಿನ ತಿರುಪು ಬಿಗಿದರು. ಒಂದು ಬದಲಾವಣೆ ಮಾಡುವುದು, ಹೋಗಿ ಗುರಿಹಲಗೆಗೆ ಐದು ಗುಂಡು ಹಾರಿಸುವುದು. ಚಳಿಗಾಲವಿಡೀ ಐದೂ ಗುಂಡು ಕಾಫಿ ಲೋಟದ ಬಾಯಷ್ಟು ಜಾಗದೊಳಗೇ ಬಿದ್ದವು. ಬೇರೆಯವರಾದರೆ ಹಿಗ್ಗುತ್ತಿದ್ದರು. ತಂಡದ ಮುಖ್ಯಸ್ಥ ಓಡ್ವಾರ್ ಅಪ್ಪನನ್ನು ಗೇಲಿಯೂ ಮಾಡಿದ: "ಏನಯ್ಯಾ ಟೋರ್ಲೇಫ್, ಇಷ್ಟ್ ಚೆನ್ನಾಗಿ ಹೊಡೆದು ಇಷ್ಟ್ ಸಪ್ಪೆ ಮೋರೆ ಹಾಕ್ಕೊಂಡೋನ್ನ ನಾನ್ ಕಂಡಿಲ್ಲ."

ಮೇ ತಿಂಗಳಲ್ಲಿ ಮಳೆ ಹಿಡಿಯಿತು. ಹದಿನೇಳನೇ ತಾರೀಖಿನ ರಾಷ್ಟ್ರದಿನದ ಮೆರವಣಿಗೆಯಲ್ಲೂ ಅಪ್ಪ ಬಾವುಟ ಹಿಡಿದು ಅನ್ಯಮನಸ್ಕರಾಗಿ ನಡೆದರು. "ಅವಳು ಹೊಡೆದದ್ದೂ ಮಳೇಲೇ ತಾನೆ? ಒದ್ದೆ ಕೋವೀಲೂ ಒಂದ್ಸಲ ನೋಡಿ" ಅಂದೆ. ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗಿ, ಕೋವಿಯನ್ನು ಸೌದೆ ಕೊಟ್ಟಿಗೆಯ ಹೊರಗೆ ನಿಲ್ಲಿಸಿದರು. ನೆನೆಯಲು ಬಿಟ್ಟು ಆಮೇಲೆ ಹೊಡೆದರೆ, ಮೊದಲ ಗುಂಡೇ ಗೇಣುದ್ದ ಎಡಕ್ಕೆ.

ಮನೆಗೆ ಬಂದು, ನಳಿಗೆಗೂ ಅದು ಕೂರುವ ಮರಕ್ಕೂ ನಡುವಿನ ಸಂದಿಯಲ್ಲಿ ಒಂದು ಕಾಗದದ ಚೂರು ತೂರಿಸಿದರು. ಮರ ಒಣಗಿದ್ದಾಗ ಸರಾಗವಾಗಿ ಸರಿಯುತ್ತಿದ್ದ ಕಾಗದ ಅರ್ಧದಲ್ಲೇ ಸಿಕ್ಕಿಕೊಂಡಿತು. ಮರ ನೀರು ಕುಡಿದು ಉಬ್ಬಿ ನಳಿಗೆಯನ್ನು ಪಕ್ಕಕ್ಕೆ ಒತ್ತುತ್ತಿತ್ತು.

ಆ ಮರವನ್ನು ಕೆತ್ತಿದ್ದು ಯಾರೆಂದು ನಿನಗೆ ಗೊತ್ತು. ನಿನಗೆ ಹದಿನೆಂಟು ತುಂಬಿದಾಗ, ಅಂಗಡಿಯದು ಬೇಡವೆಂದು ನಮ್ಮ ಹಿತ್ತಿಲ ಬರ್ಚ್ ಮರ ಕಡಿದು ಅವರೇ ಮಾಡಿದ್ದು.

"ಅವಳ ಕೈ ಅಲ್ಲ ಕಣೇ, ನನ್ನ ಕೈ" ಅಂದರು. ಆಮೇಲೆ ಒದ್ದೆ ಕೋಟಿನಲ್ಲೇ ಓಡ್ವಾರ್‌ನ ಮನೆಗೆ ಹೋಗಿ ಇದೇ ಮಾತು ಹೇಳಿ, ತಂಡದವರಿಗೆಲ್ಲ ತಿಳಿಸಲು ಕೇಳಿಕೊಂಡು ಬಂದರು.

ಈಗ ಸಂದಿ ಅಗಲ ಮಾಡಿ, ಒಳಗೆಲ್ಲ ಎಣ್ಣೆ ಕುಡಿಸಿದ್ದಾರೆ. ಮಳೆಯಲ್ಲೂ ನೆಟ್ಟಗೆ ಹೊಡೆಯುತ್ತದೆ. ತಂಡದಲ್ಲಿ ನಿನ್ನ ಜಾಗ ಹಾಗೇ ಇದೆಯಂತೆ. ಬರುವುದು ಬಿಡುವುದು ನಿನ್ನಿಷ್ಟ, ನಾನು ಒತ್ತಾಯಿಸುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಬೋರ್ಗಿಲ್ಡ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಅಪ್ಪನಿಗೆ ಇದನ್ನು ಓದಿ ಹೇಳಿದೆ. ಇನ್ನೊಂದು ಮಾತಿದೆ, ಅದನ್ನೂ ಬರಿ ಅಂದರು. ನಿನ್ನ ಗುಂಡು ತಾಗಿದ ಮೇಲೆ ಆ ಮೂಸ್ ಓಡುವ ಮುಂಚೆ ಅವರೆದುರೇ ಅಡ್ಡಲಾಗಿ ನಿಂತಿತ್ತಂತೆ. ಎರಡನೆಯ ಗುಂಡು ಹೊಡೆದು ಅದರ ನೋವು ಮುಗಿಸುವುದು ಅವರ ಪಾಲಿನ ಕೆಲಸ. ಹೊಡೆಯಲಿಲ್ಲ. "ಮಗಳು ಹೊಡೆದ್ಲು ಅಂತ ಹಿಗ್ಗಿ ಅವಳ ಮುಖಾನೇ ನೋಡ್ತಾ ನಿಂತ್ಬಿಟ್ಟೆ" ಅಂದರು. ಸಂಜೆ ನಿನ್ನ ಮೇಲೆ ಹರಿಹಾಯ್ದದ್ದು ತಮ್ಮ ಮೇಲಿನ ಆ ಸಿಟ್ಟಿನಲ್ಲಿ. ನೀನು ಬಂದಾಗ ತಾವೇ ಹೇಳಬೇಕೆಂದು ಇಷ್ಟು ದಿನ ಇಟ್ಟುಕೊಂಡಿದ್ದರಂತೆ. ನೀನು ಬಾರದೆ ಹೋದರೂ ನಿನಗಿದು ಗೊತ್ತಿರಬೇಕೆಂದು ಈಗ ಬರೆಸಿದ್ದಾರೆ.