ಅಧ್ಯಕ್ಷರ ಪೆಟ್ಟಿಗೆಯಲ್ಲಿ ಅಪ್ಪನ ಕಾಗದ

ಕಾನ್ಸಾಸ್
೯ ಮಾರ್ಚ್ ೧೯೭೬

ನನ್ನ ಸೆಲ್ಮಾ ಅಕ್ಕನಿಗೆ,

ಅಪ್ಪನ ಹೆಸರು ಕಂಡ ಕೂಡಲೇ ನೀನು ಕಾಗದ ಮಡಚಿಡುತ್ತೀಯ ಎಂದು ಗೊತ್ತು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಇದು ಅಪ್ಪನ ವಿಷಯವೇ. ಆದರೆ ಆರ್ಲಿನ್ ಅಣ್ಣನ ವಿಷಯವೂ ಹೌದು. ಅಣ್ಣನ ಮೇಲಾಣೆ, ಕೊನೆಯವರೆಗೆ ಓದು.

ಹಿಂದಿನ ಅಧ್ಯಕ್ಷರೊಬ್ಬರ ಕಾಗದಪತ್ರ ಕಾಪಿಡುವ ಇಲ್ಲಿನ ಗ್ರಂಥಾಲಯದಲ್ಲಿ ನನಗೆ ಕೆಲಸ ಸಿಕ್ಕಾಗ ನಮ್ಮ ಚರ್ಚಿನ ಸಭೆಯವರೆಲ್ಲ ಮೂಗು ಮುರಿದದ್ದು ನಿನಗೆ ಬರೆದಿದ್ದೆನಲ್ಲ. ಓಟು ಹಾಕದ, ಬಂದೂಕು ಮುಟ್ಟದ ಮೆನೊನೈಟ್ ಮನೆತನದ ಹುಡುಗಿ, ಸೇನೆ ನಡೆಸಿ ಆಮೇಲೆ ದೇಶವಾಳಿದವನ ಕಾಗದಗಳ ಧೂಳು ಹೊಡೆಯುವುದೇ! ಟೀನಾ ಅತ್ತೆಯಂತೂ ಚರ್ಚಿನ ಮೆಟ್ಟಿಲ ಮೇಲೆ ನಿಂತು, "ನಮ್ಮ ವರ್ನಾ ಈಗ ಜನರಲ್ ಮನೆ ಸೊಸೆ ಕಣ್ರೇ, ದಾರಿ ಬಿಡಿ" ಎಂದು ಛೇಡಿಸಿದರು.

ಅನ್ನಲಿ ಬಿಡು. ಇನ್ನೊಬ್ಬರ ಕಾಗದ ಓದಿ ಸಂಬಳ ಪಡೆಯುವ ಭಾಗ್ಯ ಎಷ್ಟು ಜನಕ್ಕಿದೆ? ಆ ಮನುಷ್ಯನನ್ನು ನಾನು ಕಣ್ಣಾರೆ ನೋಡಿದವಳಲ್ಲ. ಆದರೂ ಡಾಕ್ಟರು ಅವನಿಗೆ ಬೆಣ್ಣೆ ನಿಲ್ಲಿಸಿದ ವಾರ ಯಾವುದು, ಯಾವ ಭಾಷಣದಲ್ಲಿ ಯಾವ ಸಾಲನ್ನು ಹೊಡೆದುಹಾಕಿ ಮತ್ತೆ ಬರೆದ, ಎಲ್ಲ ಗೊತ್ತು. ದೊಡ್ಡ ದೊಡ್ಡ ವಿದ್ವಾಂಸರು ಯುದ್ಧದ ನಕ್ಷೆ, ಮಂತ್ರಿಗಳ ಪತ್ರ ಕೇಳಿಕೊಂಡು ಬರುತ್ತಾರೆ. ನನ್ನ ಪಾಲಿಗೆ ಬಂದಿರುವುದು ಯಾರೂ ಕೇಳದ ಪೆಟ್ಟಿಗೆಗಳು, ಜನ ಬರೆದ ಪತ್ರಗಳು. ಮಳೆ ತರಿಸಿ ಎಂದವರಿದ್ದಾರೆ, ಉಣ್ಣೆಯ ಕಾಲುಚೀಲ ಹೆಣೆದು ಕಳಿಸಿದವರಿದ್ದಾರೆ, ನನ್ನ ಗಂಡನಿಗೆ ನೀವಾದರೂ ಬುದ್ಧಿ ಹೇಳಿ ಎಂದು ಗೋಗರೆದವಳೊಬ್ಬಳಿದ್ದಾಳೆ. ಅಧ್ಯಕ್ಷರ ಬದುಕು ಎಂದು ನಾವು ಜೋಪಾನ ಮಾಡುತ್ತಿರುವುದರಲ್ಲಿ ಮುಕ್ಕಾಲು ಪಾಲು ಬೇರೆಯವರ ಬದುಕೇ, ಅಕ್ಕ.

ಕಳೆದ ಗುರುವಾರ 'ವಿ' ಅಕ್ಷರದ ಪೆಟ್ಟಿಗೆ ತೆರೆದೆ. ವೋತ್ ಎಂಬ ಹೆಸರಿನ ಫೈಲೊಂದಿತ್ತು. ನಮ್ಮ ಹೆಸರಿನವರು ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ, ನಮ್ಮವರಂತೂ ಸರ್ಕಾರಕ್ಕೆ ಬರೆಯುವ ಪೈಕಿಯೇ ಅಲ್ಲ ಎಂದುಕೊಂಡು ಬಿಚ್ಚಿದೆ. ಜರ್ಮನ್ ಶಾಲೆಯ ಮೊನಚು ಅಕ್ಷರ, ಸಾಲು ಬಲಕ್ಕೆ ಹೋದಂತೆ ಕೆಳಗಿಳಿಯುವ ಬರವಣಿಗೆ. ಹಾಲಿನ ಕ್ಯಾನುಗಳ ಮೇಲೆ ದಿನಾ ನೋಡಿ ಬೆಳೆದ ಕೈ ಅದು. ಐದು ವರ್ಷಗಳಲ್ಲಿ ಅಪ್ಪ ಅಧ್ಯಕ್ಷರಿಗೆ ಒಂಬತ್ತು ಪತ್ರ ಬರೆದಿದ್ದಾರೆ!

ಮೊದಲನೆಯದು ೧೯೫೩ರದು. ನಾನು ನಿಮಗೆ ಓಟು ಹಾಕಿದವನಲ್ಲ, ಮುಂದೆ ಹಾಕುವವನೂ ಅಲ್ಲ ಎಂದೇ ಶುರುಮಾಡಿದ್ದಾರೆ. ನೋಡು ಅವರ ಜಂಬ! ನನ್ನ ಮಗ ಕೊರಿಯಾದಲ್ಲಿ ಕಾಣೆಯಾಗಿದ್ದಾನೆ, ಹಸು ಒದ್ದು ಎಡಗಿವಿ ಸೀಳಿದೆ, ಗುರುತು ಹಿಡಿಯಲು ಅನುಕೂಲವಾದೀತು ಎಂದಿದ್ದಾರೆ. ಕೊನೆಯದರಲ್ಲಿ ಮಗನನ್ನು ಹುಡುಕಿ ಎಂಬ ಮಾತೇ ಇಲ್ಲ. ಕೊರಿಯಾದಲ್ಲಿ ಚಳಿಗಾಲ ಎಷ್ಟು ತಿಂಗಳು ಎಂದಷ್ಟೇ ಕೇಳಿದ್ದಾರೆ. ಅದನ್ನು ಓದಿ ನಾನು ಮೇಜಿನ ಮುಂದೆಯೇ ಅತ್ತುಬಿಟ್ಟೆ.

ಮನೆಯವರ ಕಾಗದ ಸಿಕ್ಕರೆ ಮುಟ್ಟದೆ ಮೇಲಿನವರಿಗೆ ಒಪ್ಪಿಸಬೇಕೆಂಬುದು ನಮ್ಮಲ್ಲಿಯ ನಿಯಮ. ನಾನು ಒಂಬತ್ತನ್ನೂ ಓದಿ ಮುಗಿಸಿ, ಆಮೇಲೆ ಒಪ್ಪಿಸಿದೆ. ನಮ್ಮ ಮೇಲ್ವಿಚಾರಕಿ ಮಿಸ್ ಹ್ಯಾಡ್ಲಿ, "ಹೆಸರು ನೋಡಿದ ತಕ್ಷಣ ಮುಚ್ಚೋದು ತಾನೆ? ನಿನ್ನ ಕಣ್ಣಿಗೇನು ಬಾಗಿಲೇ ಇಲ್ವಾ?" ಎಂದು ಬೈದರು. ಬೈದವರೇ ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಒಂದರಲ್ಲಾದರೂ ಅಧ್ಯಕ್ಷರ ಕೈಬರಹವಿದೆಯೇ ಎಂದು ಇಬ್ಬರೂ ಸೇರಿ ಭೂತಗನ್ನಡಿ ಹಿಡಿದು ಹುಡುಕಿದೆವು. ಆ ಅಕ್ಷರ ನನಗೆ ನಿದ್ದೆಯಲ್ಲೂ ಗುರುತು ಸಿಗುತ್ತದೆ. ಎಲ್ಲೂ ಇರಲಿಲ್ಲ. ಗುಮಾಸ್ತರ ಗೀಟುಗಳಷ್ಟೇ ಇದ್ದವು.

ಸೇನೆ ಸೇರಿದ ತಪ್ಪಿಗೆ ಅಣ್ಣನ ಹೆಸರು ಸಭೆಯಿಂದ ತೆಗೆದದ್ದನ್ನು, ಸಭೆಯ ಹಿರಿಯರಲ್ಲೊಬ್ಬರಾದ ಅಪ್ಪನೇ ಎದ್ದುನಿಂತು ಓದಿದ್ದರು. ಅಣ್ಣ ಕಾಣೆಯಾದ ತಂತಿ ಬಂದಾಗ ಅದನ್ನು ಜೇಬಿಗೆ ತುರುಕಿ ಹಾಲು ಕರೆಯಲು ಹೋಗಿದ್ದರು. ಆಮೇಲೆ ಮನೆಯಲ್ಲಿ ಯಾರೂ ಆ ಹೆಸರೇ ಎತ್ತಲಿಲ್ಲ. "ಈ ಮನುಷ್ಯ ಮಗನ್ನ ಹುಡುಕೋದೂ ಇಲ್ಲ, ಅಳೋದೂ ಇಲ್ಲ" ಎಂದು ನೀನು ಆರೆಗಾನ್ ಬಸ್ಸು ಹತ್ತಿದೆ. ಇಪ್ಪತ್ತೆರಡು ವರ್ಷವಾಯಿತು. ನಿನ್ನದು ತಪ್ಪೆಂದು ನಾನು ಒಂದು ದಿನವೂ ಅಂದವಳಲ್ಲ.

ಭಾನುವಾರ ಅಪ್ಪ ಕಾಫಿಗೆ ಬನ್ನು ಅದ್ದಿಕೊಂಡು ಕೂತಿದ್ದಾಗ ಆ ಪತ್ರಗಳ ವಿಷಯ ಕೇಳಿಯೇಬಿಟ್ಟೆ. ಅವರು ಗಾಬರಿಯಾದದ್ದು ಬೇರೆಯದಕ್ಕೆ. "ಅವನ್ನೆಲ್ಲ ಇನ್ನೂ ಇಟ್ಕೊಂಡಿದಾರಾ?" ಎಂದರು. ನಮ್ಮ ಸಭೆಯ ಹಿರಿಯರು ತಪ್ಪೊಪ್ಪಿಗೆಯ ಕಾಗದ ಓದಿದ ಮೇಲೆ ಒಲೆಗೆ ಹಾಕುತ್ತಾರಲ್ಲ, ವಾಷಿಂಗ್ಟನ್ನಿನಲ್ಲೂ ಹಾಗೇ ಎಂದುಕೊಂಡಿದ್ದರಂತೆ! ಆ ಧೈರ್ಯದ ಮೇಲೇ ಒಂಬತ್ತು ಸಲ ಬರೆದಿದ್ದಾರೆ. ನನಗೆ ನಗುವೂ ಬಂತು, ಸಿಟ್ಟೂ ಬಂತು. ನಮಗೆ ಯಾಕೆ ಹೇಳಲಿಲ್ಲ ಎಂದು ಜೋರು ಮಾಡಿದೆ.

"ಹೇಗೆ ಹೇಳ್ಲಮ್ಮ? ಸಭೆ ಮುಂದೆ ಮಗನ ಹೆಸರು ಹೊಡೆದೋನು ನಾನೇ. ಹೋಗಿ ಸೇನಾಪತಿ ಮುಂದೆ ಕೈಯೊಡ್ಡಿದೋನೂ ನಾನೇ. ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದರು. ಬನ್ನು ಕಾಫಿಯಲ್ಲಿ ಕರಗಿ ಮುಳುಗಿದ್ದೂ ಅವರಿಗೆ ಗೊತ್ತಾಗಲಿಲ್ಲ.

ಅವರ ಹೃದಯ ಸೋತಿದೆ, ಅಕ್ಕ. ಗೋಧಿ ಕೊಯ್ಲಿನವರೆಗೆ ಇದ್ದರೆ ಹೆಚ್ಚು ಎಂದಿದ್ದಾರೆ ಡಾಕ್ಟರು. ಕ್ಷಮಿಸು ಎಂದು ನಾನು ಹೇಳುವುದಿಲ್ಲ, ಅದು ನಿನಗೆ ಬಿಟ್ಟದ್ದು. ಬಂದು ಬೇಕಾದರೆ ಎದುರಿಗೆ ನಿಂತು ಬಯ್ಯಿ. ಬಂದುಬಿಡು, ಅಷ್ಟೇ.

ಎಲ್ಲದರಲ್ಲೂ ಮೂಗು ತೂರಿಸುವ ನಿನ್ನ ತಂಗಿ,
ವರ್ನಾ

ತಾ.ಕ.: ಲಕೋಟೆ ಅಂಟಿಸಲು ಹೊರಟವಳಿಗೆ ಮನಸ್ಸು ತಡೆಯಲಿಲ್ಲ. ಆ ಫೈಲಿನಲ್ಲಿ ನಿನ್ನ ಪತ್ರವೂ ಇತ್ತು, ಅಕ್ಕ. ನಮ್ಮ ತಂದೆ ಕೇಳುವುದಿಲ್ಲ, ಅದಕ್ಕೇ ನಾನು ಕೇಳುತ್ತಿದ್ದೇನೆ ಎಂದು ಹದಿನೇಳನೇ ವಯಸ್ಸಿನಲ್ಲಿ ಬರೆದಿದ್ದೀಯ. ಅಪ್ಪನ ಮೊದಲ ಪತ್ರ ಹೋದದ್ದೂ ಅದೇ ವಾರ. ಯಾರೋ ಗುಮಾಸ್ತ ಒಂದೇ ಮನೆಯವರೆಂದು ಎರಡನ್ನೂ ಸೇರಿಸಿ ಪಿನ್ನು ಚುಚ್ಚಿ, ಮನೆಯ ಯಜಮಾನನಿಗೆ ಒಂದೇ ಉತ್ತರ ಕಳಿಸಿದ್ದಾನೆ. ನಿಮ್ಮ ಮತ್ತು ನಿಮ್ಮ ಮಗಳ ಪತ್ರಗಳು ತಲುಪಿವೆ, ಮಗನ ಸುದ್ದಿ ತಿಳಿದಿಲ್ಲ ಎಂದಿದೆ ಅದರ ನಕಲಿನಲ್ಲಿ. ಅದನ್ನು ಸೆಲ್ಮಾಗೆ ಯಾಕೆ ತೋರಿಸಲಿಲ್ಲ ಎಂದೆ. "ತೋರಿಸಿದ್ರೆ ನಾನೂ ಬರ್ದಿದ್ದೆ ಅಂತ ಗೊತ್ತಾಗೋದಲ್ಲ" ಎಂದರು ಅಪ್ಪ. ಆಮೇಲೆ, "ಅವಳು ದಿನಾ ಟಪಾಲು ಡಬ್ಬಿ ತನಕ ಓಡೋಳು. ಕೊಟ್ಟಿಗೆಯಿಂದ ನೋಡ್ತಿದ್ದೆ. ಇದನ್ನ ನೀನು ಬರೀಬೇಡ, ಬಂದ್ರೆ ನಾನೇ ಹೇಳ್ತೀನಿ" ಎಂದರು. ನೀನು ಬರುವಷ್ಟರಲ್ಲಿ ತಡವಾದರೆ ಎಂಬ ಭಯಕ್ಕೆ ನಾನೇ ಬರೆದುಬಿಟ್ಟೆ. ಅವರು ಹೇಳುವಾಗ ಮೊದಲ ಸಲ ಕೇಳುವವಳ ಹಾಗೆ ಕೇಳು.